ಕವಿಚರಿತೆಯುಂಟು, ಶಿಲ್ಪಿಚರಿತೆಯೆಲ್ಲಿ?

(ಕೆಲಗೇರಿಯಲ್ಲಿ ಉಪಾಧ್ಯಾಯರೂ ಊರ ಹಿರಿಯರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ನಮಗೇ ಬಿಟ್ಟಿರಿ. ನಾವು ಆರಿಸಿದ ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಿದರೆಂದು ತಿಳಿಯಿತು. ಪ್ರಸಿದ್ಧ ಕಲೆಗಾರರನ್ನು ಕುರಿತ, ಕಲೆಯ ಇತಿಹಾಸವನ್ನು ಕುರಿತ ಸಚಿತ್ರ ಪುಸ್ತಕಗಳ ಮಾತು ಕೆಲಗೇರಿಯಲ್ಲಿ ಏತಕ್ಕೆ, ಅದು ದೊಡ್ಡ ಪಟ್ಟಣಗಳ ಧನವಂತರ ದಿವಾಣಖಾನೆಗೆ ಒಪ್ಪುವ ಮಾತಲ್ಲವೇ ಎಂಬದು ಅವರ ಶಂಕೆ. ಶಂಕೆಯು ಅಕಾರಣವಾದದ್ದಲ್ಲ. ಅಂಥ ಪುಸ್ತಕಗಳು ದಪ್ಪವಾಗಿರುವವು, ಬೆಲೆಯಲ್ಲಿ ಭಾರವಾಗಿರುವವು, ಬಹುತರವಾಗಿ ಇಂಗ್ಲಿಷಿನಲ್ಲಿರುವವು. ಆದರೆ ಅವು ಹಾಗಿರುವದರಿಂದ ನಮ್ಮ ಮಕ್ಕಳಿಗೆ ಏನು ನಷ್ಟವಾಗಿದೆಯೆಂಬದನ್ನು ಹೇಳುವದಕ್ಕಾಗಿಯೇ ನಾವು ಇಲ್ಲಿಗೆ ಬಂದಿದ್ದೇವೆ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಂದು ಶಾಲೆಯ ಕಪಾಟಿನಲ್ಲಿ, ಯಾರೋ ದಾನವಾಗಿ ಕೊಟ್ಟ, ಮೈಕೆಲೇಂಜಲೊನ ಮೇಲಿನ ದೊಡ್ಡ ಚಿತ್ರಪುಸ್ತಕವೊಂದಿತ್ತು. ಹುಡುಗರು ಅದನ್ನು ಎಷ್ಟು ಸಲ ತಿರುವಿದ್ದರೆಂದರೆ ಅದರ ಹೊಲಿಗೆ ಸಡಿಲಿ ಹಾಳೆಗಳು ಹೊರಗೆ ಇಣುಕುತ್ತಿದ್ದವು. ಒಬ್ಬ ಹುಡುಗನು ಒಂದು ದಿನ ಆ ಪುಸ್ತಕವನ್ನು ಎದೆಗವಚಿಕೊಂಡು ಬಂದು, "ಗುರುಗಳೇ, ಬೇಲೂರ ಗುಡಿಯ ಗೊಂಬೆಗಳನ್ನು ಕೆತ್ತಿದವರದೂ ಇಂಥ ಪುಸ್ತಕ ಇದೆಯೇ? ಅವರ ಹೆಸರೇನು?" ಎಂದು ಕೇಳಿದನು. ನಾವು ತಡಮಾಡದೆ ಜಕಣಾಚಾರಿಯ ಕಥೆಯನ್ನು ಹೇಳಿ ಕಳಿಸಿದೆವು. ಹುಡುಗನು ಸಂತೋಷದಿಂದ ಹೋದನು. ಆ ಉತ್ತರವು ತಪ್ಪೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಹುಡುಗನೂ ಶಾಲೆ ಬಿಟ್ಟಿದ್ದನು, ನಾವೂ ಊರು ಬಿಟ್ಟಿದ್ದೆವು. ಈಗ ಅವನನ್ನು ಎಲ್ಲಿ ಹುಡುಕಿ ತಿದ್ದಬೇಕು?

ಹಾಗಾದರೆ ನಿಜವಾದ ಉತ್ತರವೇನು? ಬೇಲೂರಿನ ಗುಡಿಯನ್ನು ಹೊಯ್ಸಳ ವಿಷ್ಣುವರ್ಧನನು 1117ನೆಯ ಇಸವಿಯಲ್ಲಿ ಪ್ರತಿಷ್ಠೆ ಮಾಡಿಸಿದನು. ಆ ಗುಡಿಯ ಬೊಂಬೆಗಳಲ್ಲಿ ಕೆಲವದರ ಪೀಠದ ಮೇಲೆ, ಕಾಲ ಬುಡದಲ್ಲಿ, ಅವನ್ನು ಕಡೆದವರು ತಮ್ಮ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಕೊರೆದಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜನೆಂಬವನೊಬ್ಬ; ಅವನ ಮಗ ಚಾವಣನೆಂಬವನೊಬ್ಬ; ಮಲ್ಲಿಯಣ್ಣ, ಪದರಿ ಮಲ್ಲೋಜ ಮುಂತಾದವರು ಬೇರೆ. ಇವರ ಸಾಲಿನಲ್ಲಿಯೇ ಇನ್ನೊಬ್ಬನಿದ್ದಾನೆ. ಅವನ ಹೆಸರನ್ನು ಕೇಳಿ ಧಾರವಾಡ ಸೀಮೆಯವರಾದ ತಾವು ನೆಟ್ಟಗೆ ಕುಳಿತುಕೊಳ್ಳಬೇಕು. ಅವನು ಗದುಗಿನ ನಾಗೋಜ, ಕಾಟೋಜನ ಮಗ. ಇಲ್ಲಿಂದ ರೈಲಿನಲ್ಲಿ ಒಂದು ಮುಂಜಾನೆಯ ದಾರಿಯಾದ ಗದುಗಿನವನು!

ದಾಸೋಜನ ಬಳ್ಳಿಗಾವೆಯೂ ನಾಗೋಜನ ಗದಗೂ ಆಗ ಕಲ್ಯಾಣದ ಚಾಲುಕ್ಯರ ಸೀಮೆಗೆ ಸೇರಿದ್ದವು. ಬೇಲೂರು ಹೊಯ್ಸಳರದು. ಅರಸುಗಳು ಬೇರೆ, ಸೀಮೆ ಬೇರೆ. ಆದರೂ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ ಓಜನಿಗೆ ಆ ಗಡಿಗಳು ಅಡ್ಡ ಬರಲಿಲ್ಲ. ಮುಂದೆ ಬಂದ ಕಾಲದಲ್ಲಿ ಗದಗು ಮುಂಬಯಿ ಇಲಾಖೆಗೂ ಬೇಲೂರು ಮೈಸೂರು ಸಂಸ್ಥಾನಕ್ಕೂ ಹಂಚಿಹೋದವು. 1956ರಲ್ಲಿ ಅವೆರಡೂ ಮತ್ತೆ ಒಂದೇ ರಾಜ್ಯದೊಳಗಾದವು. ಆ ಏಕೀಕರಣದ ಹೋರಾಟದಲ್ಲಿ ನಮ್ಮ ಹಿರಿಯರು ತಾಮ್ರಪಟಗಳನ್ನೂ ಪದ್ಯಗಳನ್ನೂ ಸಾಕ್ಷಿಗೆ ಕರೆದರು. ನಾಗೋಜನ ಹೆಸರನ್ನು ಬೀದಿಬೀದಿಯಲ್ಲಿ ಸಾರಿದವರು ನಮ್ಮ ನೋಟಕ್ಕೆ ಬಿದ್ದಿಲ್ಲ. ಗದುಗಿನ ಕಲ್ಲುಕುಟಿಗನು ಬೇಲೂರ ಗುಡಿಯಲ್ಲಿ ಮಾಡಿದ ರುಜುವಿಗಿಂತ ಬಲವಾದ ಸಾಕ್ಷಿ ಇನ್ನಾವದು ಬೇಕಾಗಿತ್ತು?

ಈ 'ಓಜ' ಎಂಬ ಮಾತಿನ ವಿಷಯದಲ್ಲಿ ಉಪಾಧ್ಯಾಯರಿಗೊಂದು ಮಾತು. ಸಂಸ್ಕೃತದ 'ಉಪಾಧ್ಯಾಯ' ಶಬ್ದವೇ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡಕ್ಕೆ 'ಓಜ'ನಾಗಿ ಬಂದಿತು. ಆದ್ದರಿಂದ ನಾಗೋಜನೆಂದರೆ ನಾಗ ಮಾಸ್ತರನೇ. ತಮ್ಮ ಹಾಜರಿ ಪುಸ್ತಕದಲ್ಲಿ ಅವನಿಗೂ ಒಂದು ಸಾಲು ಸಲ್ಲತಕ್ಕದ್ದು.

ಬೇಲೂರು ಒಂದೇ ಅಲ್ಲ. ಅದಕ್ಕಿಂತ ಸುಮಾರು ನಾಲ್ಕು ನೂರು ವರ್ಷ ಹಿಂದೆ, ಪಟ್ಟದಕಲ್ಲಿನಲ್ಲಿ, ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದದ್ದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಗುಡಿಯುಂಟು. ಅದನ್ನೇ ಈಗ ವಿರೂಪಾಕ್ಷನ ಗುಡಿಯೆನ್ನುತ್ತಾರೆ. ಅದನ್ನು ಕಟ್ಟಿದ ಗುಂಡನೆಂಬ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ'ಯೆಂಬ ಬಿರುದು ಸಂದದ್ದು ಅಲ್ಲಿಯ ಕನ್ನಡ ಶಾಸನದಲ್ಲಿದೆ. ಸರ್ವಸಿದ್ಧಿ ಆಚಾರಿಯೆಂಬ ಇನ್ನೊಬ್ಬನ ಶಾಸನವೂ ಅಲ್ಲಿಯೇ ಇದೆ. ಮನೆ, ಅರಮನೆ, ವಾಹನ, ಆಸನ, ಹಾಸಿಗೆ, ಕಿರೀಟ, ಚೂಡಾಮಣಿ ಇವೆಲ್ಲವನ್ನೂ ರಚಿಸಬಲ್ಲವನೆಂದು ಅವನನ್ನು ಅದು ಹೊಗಳುತ್ತದೆ. ಪಾಪನಾಥನ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರು. ಇತ್ತ ಹೊಯ್ಸಳರ ಕೊನೆಯ ಕಾಲಕ್ಕೆ ಬಂದರೆ ಮಲ್ಲಿತಮ್ಮ. ಸೋಮನಾಥಪುರದ ಕೇಶವ ಗುಡಿಯಲ್ಲಿ ಅವನ ರುಜುವಿರುವ ಮೂರ್ತಿಗಳು ನಲವತ್ತರಷ್ಟು. 1196ರ ಅಮೃತಾಪುರದ ಗುಡಿಯಲ್ಲಿಯೂ ಅದೇ ಹೆಸರು, 1268ರ ಸುಮಾರಿನ ಸೋಮನಾಥಪುರದಲ್ಲಿಯೂ ಅದೇ ಹೆಸರು. ನಡುವೆ ಎಪ್ಪತ್ತು ವರ್ಷ! ಒಬ್ಬನೇ ಮಲ್ಲಿತಮ್ಮನು ಹುಡುಗನಾಗಿ ಅಲ್ಲಿ ಉಳಿ ಹಿಡಿದು ಮುದುಕನಾಗಿ ಇಲ್ಲಿ ಅದನ್ನು ಕೆಳಗಿಟ್ಟನೋ, ಅಥವಾ ಅಜ್ಜನ ಹೆಸರನ್ನು ಮೊಮ್ಮಗನು ಹೊತ್ತನೋ? ಎರಡೂ ಕಡೆಯ ಮೂರ್ತಿಗಳ ಬೆರಳು, ಮೂಗು, ಒಡವೆಯ ಕೊಂಡಿ, ಅಕ್ಷರದ ತಲೆಕಟ್ಟು ಇವನ್ನು ಒಂದೇ ಹಾಳೆಯ ಎಡಬಲಕ್ಕೆ ಅಚ್ಚು ಹಾಕಿ ಮುಂದಿಟ್ಟರೆ ಏಳನೆಯ ಇಯತ್ತೆಯ ಹುಡುಗನೂ ಈ ಪ್ರಶ್ನೆಯ ಮೇಲೆ ತನ್ನ ಅಭಿಪ್ರಾಯ ಹೇಳಬಲ್ಲನು. ಹಾಗೆ ಇಟ್ಟ ಹಾಳೆ ಅವನ ಕೈಗೆ ಕನ್ನಡದಲ್ಲಿ ಎಂದು ಸಿಕ್ಕೀತು? ಸಚಿತ್ರ ಪುಸ್ತಕವು ಅವಶ್ಯವೆಂದು ನಾವು ಹೇಳುವದು ಇದಕ್ಕಾಗಿಯೇ. ಮಾತಿನಿಂದ ಎಷ್ಟು ಬಣ್ಣಿಸಿದರೂ ಒಬ್ಬನ ಕೈಯನ್ನು ಇನ್ನೊಬ್ಬನ ಕೈಯಿಂದ ಬೇರ್ಪಡಿಸಿ ತೋರಿಸಲಾಗುವದಿಲ್ಲ.

ಈ ಹೆಸರುಗಳು ಕಲ್ಲಿನ ಮೇಲೆಯೇ ಉಳಿದವು; ಬಾಯಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಜಕಣಾಚಾರಿ. ಕಥೆಯು ತಮಗೆಲ್ಲ ಗೊತ್ತು: ಮನೆ ಬಿಟ್ಟ ತಂದೆ, ಅವನನ್ನು ಹುಡುಕುತ್ತ ಬಂದ ಡಂಕಣ, ಕಲ್ಲಿನೊಳಗಿನ ಕಪ್ಪೆ, ಕಡಿದುಕೊಂಡ ಕೈ, ಕೈದಾಳದಲ್ಲಿ ಮರಳಿ ಬಂದ ಕೈ. ಕಥೆ ಸೊಗಸಾದದ್ದು, ಅದನ್ನು ಕಿತ್ತೊಗೆಯಬೇಕೆಂದು ನಾವು ಹೇಳುವದಿಲ್ಲ. 1964ರಲ್ಲಿ ಬಿ. ಎಸ್. ರಂಗಾ ಅವರು ಅದನ್ನು ಬಣ್ಣದ ಚಲನಚಿತ್ರವಾಗಿ ಮಾಡಿದ ಮೇಲೆ ಅದು ಮನೆಮನೆಯ ಮಾತಾಯಿತು. ಶಿಲ್ಪಿಗಳಿಗೆ ಸರಕಾರ ಕೊಡುವ ಪ್ರಶಸ್ತಿಗೂ ಅವನ ಹೆಸರೇ. ಆದರೆ ಹೊಯ್ಸಳರ ಗುಡಿಗಳಲ್ಲಿ ಓದಿ ಬರೆದುಕೊಂಡ ರುಜುಗಳಲ್ಲಿ ಜಕಣಾಚಾರಿಯೆಂಬ ಹೆಸರು ಸಿಕ್ಕಿಲ್ಲ. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ. ರುಜು ಮಾಡಿಹೋದವರು ಅಪರಿಚಿತರಾಗಿ, ರುಜುವಿಲ್ಲದವನು ಅಮರಶಿಲ್ಪಿಯಾದನು. ಅಮರತ್ವವು ಚಿತ್ರವನ್ನೂ ಕಥೆಯನ್ನೂ ಕೂಡಿಸಿ ಜನರ ಕೈಗೆ ಕೊಟ್ಟವರ ಪಾಲಿಗೆ ಬರುವದೆಂಬದಕ್ಕೆ ಇದೊಂದೇ ನಿದರ್ಶನ ಸಾಕು.

ಹಾಗೆ ಕೂಡಿಸಿ ಕೊಡುವ ಕೆಲಸವನ್ನು ಇಟಲಿಯವರು ಬಹು ಹಿಂದೆಯೇ ಮಾಡಿದರು. ಫ್ಲಾರೆನ್ಸಿನಲ್ಲಿ ಜಾರ್ಜೊ ವಸಾರಿಯೆಂಬ ಚಿತ್ರಕಾರನು ತನ್ನ ನಾಡಿನ ಚಿತ್ರಕಾರರ, ಶಿಲ್ಪಿಗಳ, ಸ್ಥಪತಿಗಳ ಚರಿತ್ರೆಗಳನ್ನು ಬರೆದು 1550ರಲ್ಲಿ ಅಚ್ಚು ಹಾಕಿಸಿದನು. 1568ರ ಎರಡನೆಯ ಮುದ್ರಣದಲ್ಲಿ ಬಹುತರ ಚರಿತ್ರೆಗಳ ತಲೆಗೆ ಆಯಾ ಕಲೆಗಾರನ ಮುಖದ ಮರದಚ್ಚಿನ ಚಿತ್ರವನ್ನು ಸೇರಿಸಿದನು. ಇಂದು ಧಾರವಾಡದ ಹುಡುಗನಿಗೂ ಮೈಕೆಲೇಂಜಲೊನ ಹೆಸರು ಗೊತ್ತಿರುವದಕ್ಕೆ ಅಂದು ಆ ಮನುಷ್ಯನು ಹಾಕಿದ ಬುನಾದಿಯೂ ಒಂದು ಕಾರಣ. ಆದರೆ ವಸಾರಿಯ ಪುಸ್ತಕದಲ್ಲಿ ಎರಡು ದೋಷಗಳುಂಟು. ನಮ್ಮವರು ಆ ಕೆಲಸಕ್ಕೆ ಕೈ ಹಾಕುವಾಗ ಅವನ್ನು ನೆನಪಿನಲ್ಲಿಡಬೇಕು. ಹಳಬರಾದ ಕೆಲವರ ಮುಖವನ್ನು ಕಂಡವರಾರೂ ಇಲ್ಲದಿದ್ದಾಗ ಅವನು ಕಲ್ಪಿಸಿದ ಮುಖವನ್ನೇ ಅಚ್ಚು ಹಾಕಿಸಿದನು. ಮತ್ತು ತನ್ನ ಊರ ಸೀಮೆಯವರನ್ನು ಎತ್ತಿ ಹಿಡಿಯುವ ಭರದಲ್ಲಿ ವೆನಿಸಿನಂಥ ಬೇರೆ ಊರುಗಳವರನ್ನು ಹಿಂದೆ ಸರಿಸಿದನು. ನಾವು ನಾಗೋಜನಿಗೆ ಮೀಸೆ ಬರೆದು, ಪೇಟ ಸುತ್ತಿ, ಮುಖಪುಟದಲ್ಲಿ ಕೂಡಿಸಬಾರದು. ಅವನ ರುಜುವೇ ಅವನ ಭಾವಚಿತ್ರ. ಗದುಗಿನವನೆಂದು ಅವನನ್ನು ಬಳ್ಳಿಗಾವೆಯ ದಾಸೋಜನ ಮೇಲೆ ಹೊತ್ತು ಕುಣಿಯಲೂಬಾರದು. ಧಾರವಾಡದ ನಮಗೆ ಈ ಎರಡನೆಯ ಎಚ್ಚರಿಕೆ ತುಸು ಹೆಚ್ಚೇ ಬೇಕು.

ನಮ್ಮಲ್ಲಿ ವಸಾರಿಯಾಗಬಹುದಾಗಿದ್ದವರು ಇರಲಿಲ್ಲವೆಂದಲ್ಲ. ರಾ. ನರಸಿಂಹಾಚಾರ್ಯರ ಹೆಸರನ್ನು ಕೇಳದ ಕನ್ನಡ ಉಪಾಧ್ಯಾಯರಿಲ್ಲ. ಅವರ 'ಕರ್ನಾಟಕ ಕವಿಚರಿತೆ'ಯ ಮೊದಲನೆಯ ಸಂಪುಟವು 1907ರಲ್ಲಿ ಹೊರಬಂದಿತು. ಕ್ರಮೇಣ ಮೂರು ಸಂಪುಟಗಳಾದವು. ಓಲೆಗರಿಯ ಕಟ್ಟುಗಳಲ್ಲಿ ಮಲಗಿದ್ದ ನೂರಾರು ಕವಿಗಳನ್ನು ಅವರು ಹೆಸರು, ಕಾಲ, ಮತ, ಗ್ರಂಥ ಸಹಿತವಾಗಿ ಎಬ್ಬಿಸಿ ಕನ್ನಡಿಗರ ಮುಂದೆ ನಿಲ್ಲಿಸಿದರು. ಇದೇ ನರಸಿಂಹಾಚಾರ್ಯರು ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. 1917ರಲ್ಲಿ ಸೋಮನಾಥಪುರದ ಕೇಶವ ಗುಡಿಯನ್ನೂ, 1919ರಲ್ಲಿ ಬೇಲೂರಿನ ಗುಡಿಯನ್ನೂ ಕುರಿತು ಛಾಯಾಚಿತ್ರಗಳುಳ್ಳ ಪುಸ್ತಕಗಳನ್ನು ಪ್ರಕಟಿಸಿದರು. ಯಾವ ಮೂರ್ತಿಯ ಕೆಳಗೆ ಯಾರ ರುಜುವಿದೆಯೆಂದು ಎಣಿಸಿ ಬರೆದವರೂ ಅವರೇ. ನಾವು ಈಗ ತಮ್ಮ ಮುಂದೆ ಹೇಳಿದ ಹೆಸರುಗಳಲ್ಲಿ ಬಹಳಷ್ಟನ್ನು ಲೋಕಕ್ಕೆ ತಿಳಿಸಿದ ಪುಣ್ಯ ಅವರದು.

ಆದರೆ ಮಹನೀಯರೇ, ಕವಿಚರಿತೆಯು ಕನ್ನಡದಲ್ಲಿ ಆಯಿತು; ಗುಡಿಗಳ ಪುಸ್ತಕವು ಇಂಗ್ಲಿಷಿನಲ್ಲಿ ಆಯಿತು. ಒಂದೇ ಲೇಖನಿಯಿಂದ ಎರಡು ಮಸಿ! ಅವರನ್ನು ದೂರುವದಕ್ಕೆ ನಾವು ಇದನ್ನು ಹೇಳುತ್ತಿಲ್ಲ. ಇಲಾಖೆಯ ಪ್ರಕಟಣೆಯು ಅಂದು ಇಂಗ್ಲಿಷಿನಲ್ಲಿಯೇ ಆಗತಕ್ಕದ್ದಾಗಿತ್ತು. ಫಲವೇನಾಯಿತೆಂಬದನ್ನು ಮಾತ್ರ ನೋಡಿರಿ. ಕವಿಚರಿತೆಯಿಂದ ಪಠ್ಯಪುಸ್ತಕಗಳಾದವು, ಪಠ್ಯಪುಸ್ತಕಗಳಿಂದ ಪರೀಕ್ಷೆಯ ಪ್ರಶ್ನೆಗಳಾದವು, ಪರೀಕ್ಷೆಯಿಂದ ಪಂಪ ರನ್ನರು ಹುಡುಗರ ನಾಲಗೆಯ ಮೇಲೆ ಕುಳಿತರು. ಗದುಗಿಗೆ ಹೋದವರೆಲ್ಲ ವೀರನಾರಾಯಣನ ಗುಡಿಯಲ್ಲಿ, ಕುಮಾರವ್ಯಾಸನು ಕುಳಿತು ಬರೆದನೆನ್ನುವ ಕಂಬವನ್ನು ಮುಟ್ಟಿ ನಮಸ್ಕರಿಸಿ ಬರುತ್ತಾರೆ. ಯೋಗ್ಯವೇ. ಆದರೆ ಕಂಬಗಳನ್ನೇ ಕಡೆದ ವಂಶದವನೊಬ್ಬನು ಇದೇ ಊರಿನಿಂದ ಬೇಲೂರಿಗೆ ಹೋಗಿ ಹೆಸರು ಕೊರೆದು ಬಂದನೆಂದು ಆ ಊರಿನ ಎಷ್ಟು ಮಂದಿಗೆ ಗೊತ್ತು?

ಚಿತ್ರವು ನಮ್ಮದು, ಪುಸ್ತಕವು ಬೇರೆಯವರದು ಎಂಬ ಈ ಸ್ಥಿತಿಗೆ ನೂರೈವತ್ತು ವರ್ಷಗಳ ಮೇಲಿನ ಇತಿಹಾಸವಿದೆ. 1866ರಲ್ಲಿ ಲಂಡನ್ನಿನ ಜಾನ್ ಮರ್‍ರೇ ಎಂಬ ಪ್ರಕಾಶಕನು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವೆಂಬ ಒಂದು ಭಾರಿ ಗ್ರಂಥವನ್ನು ಹೊರಡಿಸಿದನು. ಛಾಯಾಚಿತ್ರಗಳನ್ನು ತೆಗೆದವರು ಮೂವರು: ಮುಂಬಯಿಯ ವೈದ್ಯ ಇಲಾಖೆಯ ಡಾಕ್ಟರ್ ಪಿಗೊ, ನೀಲ್ ಸಾಹೇಬ, ಕರ್ನಲ್ ಬಿಗ್ಸ್. ಇತಿಹಾಸವನ್ನು ಬರೆದವನು ಸುರಪುರದಿಂದಾಗಿ ನಮಗೆ ಪರಿಚಿತನಾದ ಮೆಡೋಸ್ ಟೇಲರ್. ಶಿಲ್ಪದ ಟಿಪ್ಪಣಿಗಳು ಜೇಮ್ಸ್ ಫರ್ಗುಸನ್ನನವು. ಆಗ ಛಾಯಾಚಿತ್ರವನ್ನು ಅಕ್ಷರಗಳ ಜೊತೆಗೆ ಒತ್ತುವ ಯುಕ್ತಿಯು ಬಳಕೆಗೆ ಬಂದಿರಲಿಲ್ಲ. ತತ್ತಿಯ ಲೋಳೆ ಬಳಿದ ಕಾಗದದ ಮೇಲೆ ಬಿಸಿಲಲ್ಲಿ ಇಳಿಸಿದ ಒಂದೊಂದು ಚಿತ್ರವನ್ನೂ ಪ್ರತಿಯೊಂದು ಪ್ರತಿಯಲ್ಲಿ ಕೈಯಿಂದಲೇ ಅಂಟಿಸಬೇಕಾಗುತ್ತಿತ್ತು. ಪುಸ್ತಕವು ಹೊರಬರುವ ಮೊದಲೇ ಡಾಕ್ಟರ್ ಪಿಗೊ ತೀರಿಕೊಂಡಿದ್ದನು. ಭಾರವಾದ ಪೆಟ್ಟಿಗೆ, ಔಷಧದ ಸೀಸೆಗಳನ್ನು ಬಂಡಿಯಲ್ಲಿ ಹೇರಿಕೊಂಡು ನಮ್ಮ ಎರೆಭೂಮಿಯ ದಾರಿಗಳಲ್ಲಿ ಗುಡಿಯಿಂದ ಗುಡಿಗೆ ಅಲೆದ ಆ ವೈದ್ಯನಿಗೆ ನಾವು ಋಣಿಗಳೇ.

ಅನಂತರ 1874ರಲ್ಲಿ ಬರ್ಜೆಸನ ಬೆಳಗಾವಿ ಕಲಾದಗಿ ಜಿಲ್ಲೆಗಳ ವರದಿ. 1916ರಲ್ಲಿ ಕಸಿನ್ಸನ ವಿಜಾಪುರದ ಗ್ರಂಥ. 1926ರಲ್ಲಿ ಅವನದೇ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥ. ಎಲ್ಲವೂ ಚಿತ್ರಸಹಿತ, ಎಲ್ಲವೂ ಇಂಗ್ಲಿಷ್. ಗುಡಿ ನಮ್ಮ ಹೊಲದಲ್ಲಿ, ಅದರ ಪುಸ್ತಕ ಕಡಲಾಚೆ. ತನ್ನ ಊರ ಗುಡಿಯ ಚಿತ್ರವನ್ನು ನೋಡಬೇಕಾದ ಕನ್ನಡಿಗನು ಇಂಗ್ಲಿಷು ಬಲ್ಲವನನ್ನು ಹುಡುಕಿಕೊಂಡು ಹೋಗಬೇಕಾಗಿತ್ತು.

ನಮ್ಮ ನೆರೆಹೊರೆಯವರು ಸುಮ್ಮನೆ ಕುಳಿತಿರಲಿಲ್ಲ. ಪುಣೆಯಲ್ಲಿ 1878ರಲ್ಲಿ ಚಿತ್ರಶಾಳೆಯು ಹುಟ್ಟಿತು. 1910ರಿಂದ ಅಲ್ಲಿಯವರು ಮರಾಠಿಯಲ್ಲಿ 'ಚಿತ್ರಮಯ ಜಗತ್'ನ್ನು ಹೊರಡಿಸಿದರು. ಬಂಗಾಲದಲ್ಲಿ ರಾಮಾನಂದ ಚಟರ್ಜಿಯವರು ತಮ್ಮ 'ಪ್ರವಾಸಿ' ಪತ್ರಿಕೆಯಲ್ಲಿ ಅವನೀಂದ್ರನಾಥರ, ನಂದಲಾಲರ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿ, ಅವೇ ಚಿತ್ರಗಳನ್ನು ಸಂಪುಟಗಳಾಗಿಯೂ ಮಾರಿದರು. ಆ ಬಂಗಾಲದ ಕೆಲಸದಲ್ಲಿ ನಮ್ಮವನೊಬ್ಬನಿದ್ದನು. ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪ. 1909ರಿಂದ 1916ರ ವರೆಗೆ ಕಲಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯನಾಗಿದ್ದ ವೆಂಕಟಪ್ಪನವರ ರಾಮಾಯಣದ ಚಿತ್ರಗಳು, ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಬೌದ್ಧ ಪುರಾಣಗಳನ್ನು ಕುರಿತು ಬರೆದು 1913ರಲ್ಲಿ ಲಂಡನ್ನಿನಿಂದ ಹೊರಬಂದ ಪುಸ್ತಕದಲ್ಲಿ ಬಣ್ಣದಲ್ಲಿ ಅಚ್ಚಾದವು. ಲಂಡನ್ನಿನ ಹುಡುಗರು ಕನ್ನಡಿಗನ ರಾಮನನ್ನು ಕಂಡರು. ಕನ್ನಡದ ಹುಡುಗರು ಕಾಣಲಿಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳ ಸೊಗಸಾದ ಪುಸ್ತಕವೂ 'ದಿ ಸಿಂಗಿಂಗ್ ಲೈನ್' ಎಂದು ಇಂಗ್ಲಿಷಿನಲ್ಲಿಯೇ ಬಂದಿತು.

ಕನ್ನಡದಲ್ಲಿ ಏನೂ ಆಗಿಲ್ಲವೆಂದರೆ ಕೃತಘ್ನತೆಯಾದೀತು. ಶಿವರಾಮ ಕಾರಂತರು ತಮ್ಮ ತಾರುಣ್ಯದಲ್ಲಿಯೇ, 1930ರಲ್ಲಿ, 'ಭಾರತೀಯ ಚಿತ್ರಕಲೆ'ಯನ್ನು ಬರೆದರು. ಮುಂದೆ ಕರ್ನಾಟಕದ ಚಿತ್ರಕಲೆಯನ್ನೂ ಚಾಲುಕ್ಯರ ಶಿಲ್ಪವನ್ನೂ ಕುರಿತು ಬರೆದರು. ಧಾರವಾಡದಲ್ಲಿ ದ. ವಿ. ಹಾಲಭಾವಿಯವರು 1935ರಲ್ಲಿ ಚಿತ್ರಕಲೆಯ ಶಾಲೆಯನ್ನು ತೆರೆದು ಈ ಸೀಮೆಯ ಎಷ್ಟೋ ಹುಡುಗರ ಕೈಗೆ ಕುಂಚ ಕೊಟ್ಟರು. ಲಲಿತಕಲಾ ಅಕಾಡೆಮಿಯು ನಾಡಿನ ಚಿತ್ರಕಾರರನ್ನು ಕುರಿತು ಕಿರುಹೊತ್ತಗೆಗಳನ್ನು ಹೊರಡಿಸಿತು. ಇಲ್ಲಿಯ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿದ, 2020ರಲ್ಲಿ ತೀರಿಕೊಂಡ ಷ. ಶೆಟ್ಟರ್ ಅವರು ಹೊಯ್ಸಳ ಗುಡಿಗಳ ಮೇಲೆ ಎರಡು ದೊಡ್ಡ ಸಂಪುಟಗಳನ್ನು ಸಿದ್ಧಪಡಿಸಿದರು. ಅವು 1990ರ ದಶಕದ ಆರಂಭದಲ್ಲಿ ಹೊರಬಂದವು. ಪಾಂಡಿತ್ಯದಲ್ಲಿ ಅವಕ್ಕೆ ಸರಿಗಟ್ಟುವಂಥವು ಕಡಿಮೆ. ಆದರೆ ಅವೂ ಇಂಗ್ಲಿಷಿನಲ್ಲಿಯೇ. ಕೆಲಗೇರಿಯಿಂದ ನಡೆದು ಹೋಗುವಷ್ಟು ಸಮೀಪದಲ್ಲಿ ಆದ ಕೆಲಸವು ಕೆಲಗೇರಿಯ ಶಾಲೆಗೆ ಬಂದು ಮುಟ್ಟಲಿಲ್ಲ.

ಇನ್ನೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆವು. ಚಿತ್ರದ ಪುಸ್ತಕವೆಂಬದು ನಮಗೆ ವಿಲಾಯತಿಯಿಂದ ಬಂದ ಚಪಲವೆಂದು ತಿಳಿಯುವವರಿದ್ದಾರೆ. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ, ಗೋಡೆಗೆ ಗಾರೆ ಬಳಿಯುವದು ಹೇಗೆ, ಎಮ್ಮೆಯ ಚರ್ಮವನ್ನು ಕುದಿಸಿ ಅಂಟು ಮಾಡುವದು ಹೇಗೆ, ಬಣ್ಣ ಬೆರೆಸುವದು ಹೇಗೆ ಎಂದು ಅರಸನೇ ವಿವರಿಸಿದ್ದಾನೆ. ಕನ್ನಡಿಯಲ್ಲಿ ಕಂಡಂತೆ ಬರೆದದ್ದು ವಿದ್ಧಚಿತ್ರ. ಮನಸ್ಸಿಗೆ ತೋರಿದಂತೆ ಬರೆದದ್ದು ಅವಿದ್ಧ. ಪುಡಿಯಿಂದ ನೆಲದ ಮೇಲೆ ಬಿಡಿಸಿದ್ದು ಧೂಳಿಚಿತ್ರ. ತಾಯಂದಿರೇ, ತಾವು ಇಂದು ಬೆಳಿಗ್ಗೆ ಬಾಗಿಲ ಮುಂದೆ ಹಾಕಿದ ರಂಗೋಲಿಯು ಚಕ್ರವರ್ತಿಯ ಶಾಸ್ತ್ರದಲ್ಲಿ ಸ್ಥಾನ ಪಡೆದ ಕಲೆ. ಅವನಿಗೆ ಏಳು ಶತಮಾನಗಳ ಈಚೆಗೆ ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯನ್ನು ಒಂಬತ್ತು ನಿಧಿಗಳಲ್ಲಿ ರಚಿಸಿ, ಪ್ರತಿಯೊಂದು ದೇವತೆಯ ಲಕ್ಷಣ ಶ್ಲೋಕದ ಪಕ್ಕದಲ್ಲಿ ಅದರ ಬಣ್ಣದ ಚಿತ್ರವನ್ನು ಬರೆಸಿದರು. ಮಾತು ಒಂದು ಕಡೆ, ರೂಪ ಒಂದು ಕಡೆ: ಸಚಿತ್ರ ಕಲಾಗ್ರಂಥವೆಂದರೆ ಇದೇ ಅಲ್ಲವೇ? ಅದರ ಕೌತುಕನಿಧಿಯಲ್ಲಿಯ 122 ಯೋಗಾಸನಗಳ ಚಿತ್ರಗಳನ್ನು 1996ರಲ್ಲಿ ಷೋಮನ್ ಎಂಬ ಪರದೇಶದ ಪಂಡಿತನು ಪುಸ್ತಕದಲ್ಲಿ ಪ್ರಕಟಿಸಿದ ಮೇಲೆ ಲೋಕದ ಯೋಗಾಭ್ಯಾಸಿಗಳೆಲ್ಲ ಮೈಸೂರಿನತ್ತ ತಿರುಗಿ ನೋಡಿದರು. ಆದರೆ ಆ ಸಾವಿರಾರು ಚಿತ್ರಗಳನ್ನು ಬರೆದ ಅರಮನೆಯ ಚಿತ್ರಗಾರರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ನಾಲಗೆಯ ಮೇಲಿದೆ?

ಈಗ ತಮ್ಮಲ್ಲಿಯ ತರುಣ ಉಪಾಧ್ಯಾಯರು ಕೇಳಬಹುದಾದ ಪ್ರಶ್ನೆ ನಮಗೆ ಗೊತ್ತಿದೆ. ಪ್ರತಿಯೊಬ್ಬರ ಕಿಸೆಯಲ್ಲಿಯೂ ಮೊಬೈಲಿರುವ ಕಾಲದಲ್ಲಿ, ಬೇಲೂರಿನ ಸಾವಿರ ಚಿತ್ರಗಳು ಬೆರಳ ತುದಿಯಲ್ಲಿರುವಾಗ, ಕಾಗದದ ಪುಸ್ತಕವೇಕೆ? ನಾವೂ ಆ ಯಂತ್ರವನ್ನು ಇಟ್ಟುಕೊಂಡಿದ್ದೇವೆ, ಅದರಲ್ಲಿ ಹುಡುಕಿಯೂ ನೋಡಿದ್ದೇವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಚಿತ್ರಗಳ ಪ್ರವಾಹವೇ ಹರಿದಿದೆ. ಆದರೆ ಆ ಪ್ರವಾಹದಲ್ಲಿ ಮೂರ್ತಿಯ ಮುಖವಿರುತ್ತದೆ, ಸೊಂಟವಿರುತ್ತದೆ, ಪೀಠವಿರುವದಿಲ್ಲ. ರುಜುವಿರುವದು ಪೀಠದಲ್ಲಿ! ಚಿತ್ರ ತೆಗೆಯುವವನು ಹೆಸರಿನ ಮೇಲೆಯೇ ಕತ್ತರಿಸಿ ಬಿಡುತ್ತಾನೆ. ಕೆಳಗೆ ಬರೆದದ್ದನ್ನು ಓದಿದರೆ ಮತ್ತೆ ಜಕಣಾಚಾರಿಯೇ. ಯಾವ ಚಿತ್ರದ ಪಕ್ಕಕ್ಕೆ ಯಾವದನ್ನು ಇಡಬೇಕು, ಯಾವದು ಮೊದಲು ಯಾವದು ಆಮೇಲೆ ಎಂಬ ವಿವೇಕವು ಆ ಗಾಜಿನ ಹಲಗೆಯಲ್ಲಿ ತಾನಾಗಿ ಬರುವದಿಲ್ಲ. ಬರೆಯುವವನೊಬ್ಬನು ಕುಳಿತು ಯೋಚಿಸಿರಬೇಕು.

ಸಂಗೀತದ ವಿಷಯದಲ್ಲಿ ಧಾರವಾಡವು ಈ ಕೊರತೆಯನ್ನು ಎಂದೋ ನೀಗಿಕೊಂಡಿದೆ. ಚಹದ ಅಂಗಡಿಯಲ್ಲಿಯೂ ಮಲ್ಲಿಕಾರ್ಜುನ ಮನಸೂರರ ಭಾವಚಿತ್ರ ತೂಗುವದು. ಅವರ ಆತ್ಮಕಥೆ 'ನನ್ನ ರಸಯಾತ್ರೆ'ಯು ಕನ್ನಡದಲ್ಲಿದೆ. ರಾಗ ತಿಳಿಯದವನೂ ಘರಾಣೆಯ ಹೆಸರು ಹೇಳಬಲ್ಲನು. ಕಿವಿಗೆ ಒದಗಿದ ಭಾಗ್ಯವು ಕಣ್ಣಿಗೆ ಏಕೆ ಬೇಡ?

ಆದ್ದರಿಂದ ನಮ್ಮ ಸೂಚನೆ ಇಷ್ಟು. ದೊಡ್ಡ ಗ್ರಂಥದ ಹಂಬಲವನ್ನು ಸದ್ಯ ಬಿಡೋಣ. ಒಬ್ಬ ಶಿಲ್ಪಿಗೆ ಒಂದು ಹೊತ್ತಗೆ, ಮೂವತ್ತೆರಡು ಪುಟ, ಹುಡುಗನ ಚೀಲದಲ್ಲಿ ಹಿಡಿಸಬೇಕು, ಮಾಸ್ತರನ ಸಂಬಳಕ್ಕೆ ಹೊರೆಯಾಗಬಾರದು. ಮೊದಲ ಪುಟದಲ್ಲಿ ರುಜುವಿನ ಚಿತ್ರ, ಅದರ ಕೆಳಗೆ ಇಂದಿನ ಅಕ್ಷರದಲ್ಲಿ ಅದರ ಓದು. ಆಮೇಲೆ ಅವನ ಊರು, ಅವನು ನಡೆದು ಹೋದ ದಾರಿಯ ನಕಾಶೆ. ಅನಂತರ ಅವನ ಮೂರ್ತಿಗಳು, ಮೂರ್ತಿ ಪೂರ್ಣವಾಗಿ, ಪೀಠಸಹಿತ. ಅವುಗಳ ಎದುರಿಗೆ ಅವನ ಸಂಗಡಿಗನ ಮೂರ್ತಿ, ಹೋಲಿಸಿ ನೋಡುವದಕ್ಕೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಬೇಕು. ನಾಗೋಜನ ಹುಟ್ಟಿದ ದಿನವನ್ನು ಯಾರೂ ಹುಟ್ಟಿಸಬಾರದು. ಒಂದು ಹೊತ್ತಗೆ ನಾಗೋಜನದು, ಒಂದು ದಾಸೋಜ ಚಾವಣರದು, ಒಂದು ಮಲ್ಲಿತಮ್ಮನದು, ಒಂದು ಪಟ್ಟದಕಲ್ಲಿನ ಗುಂಡನದು. ಚಿತ್ರಕಾರರಲ್ಲಿ ವೆಂಕಟಪ್ಪನವರದು, ಹೆಬ್ಬಾರರದು, ನಮ್ಮ ಹಾಲಭಾವಿಯವರದು. ಏಳು ಹೊತ್ತಗೆಗಳಾದರೆ ಎಂಟನೆಯದನ್ನು ಬರೆಯುವವನು ತಾನಾಗಿ ಮುಂದೆ ಬರುವನೆಂದು ನಮ್ಮ ನಂಬಿಗೆ.

ಈ ಕೆಲಸಕ್ಕೆ ಪಂಡಿತರೇ ಬೇಕೆಂದಿಲ್ಲ. ಓದಿ ತಿದ್ದುವದಕ್ಕೆ ಒಬ್ಬಿಬ್ಬರು ಸಾಕು. ನೋಡುವ ಕಣ್ಣುಗಳು ಮಾತ್ರ ಬಹಳ ಬೇಕು. ಗುಡಿಗೆ ಹೋದಾಗ ಅಕ್ಷರಗಳು ಕಾಣಲೆಂದು ಸೀಮೆಸುಣ್ಣ ಉಜ್ಜುವ, ಎಣ್ಣೆ ಸವರುವ ಕೆಟ್ಟ ಚಾಳಿ ನಮ್ಮಲ್ಲಿದೆ. ಅದರಿಂದ ಕಲ್ಲು ಹಾಳಾಗುವದು. ಬೆಳಗಿನ ಓರೆ ಬಿಸಿಲು ಬಿದ್ದಾಗ ಸವೆದ ಅಕ್ಷರವೂ ತಾನೇ ಎದ್ದು ಕಾಣುವದು. ಒಳಗೆ ಕತ್ತಲಿದ್ದರೆ ಒಬ್ಬನು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಲಿ, ಅಥವಾ ಬ್ಯಾಟರಿಯ ದೀಪವನ್ನು ಕಲ್ಲಿಗೆ ತಾಗುವಂತೆ ಓರೆಯಾಗಿ ಹಿಡಿಯಲಿ. ಇನ್ನೊಬ್ಬನು ಚಿತ್ರ ತೆಗೆಯಲಿ. ಕಾಗದದ ಅಚ್ಚು ತೆಗೆಯಲು ಹೋಗಬೇಡಿರಿ. ಸಂರಕ್ಷಿತ ಗುಡಿಗಳಲ್ಲಿ ಅದಕ್ಕೆ ಪುರಾತತ್ತ್ವ ಇಲಾಖೆಯ ಅಪ್ಪಣೆ ಬೇಕು. ಇಂಥ ಅಭ್ಯಾಸಕ್ಕೆ ಬೇಲೂರಿನ ವರೆಗೆ ಹೋಗಬೇಕಾಗಿಯೂ ಇಲ್ಲ. ಉಣಕಲ್ಲಿನ ಚಂದ್ರಮೌಳೀಶ್ವರನ ಗುಡಿಯು ನಮ್ಮ ಅವಳಿ ನಗರದೊಳಗೇ ಇದೆ. ಅಣ್ಣಿಗೇರಿಯ ಅಮೃತೇಶ್ವರನು ರೈಲುದಾರಿಯ ಬದಿಗೇ ಇದ್ದಾನೆ.

ಬರುವ ಭಾನುವಾರ ಬೆಳಿಗ್ಗೆ ನಾವು ಮೂರು ನಾಲ್ಕು ಮಂದಿ ಗದುಗಿಗೆ ಹೋಗುವವರಿದ್ದೇವೆ. ತ್ರಿಕೂಟೇಶ್ವರನ ಆವರಣದಲ್ಲಿಯ ಸರಸ್ವತಿಯ ಗುಡಿಯ ಕಂಬಗಳನ್ನು ಮೊದಲು ನೋಡತಕ್ಕದ್ದೆಂದು ಗೊತ್ತುಮಾಡಿದ್ದೇವೆ. ನಾಗೋಜನ ಊರಿನವರ ಕೈ ಎಂಥದೆಂಬದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ತಮ್ಮಲ್ಲಿ ಬರುವವರು ಹೆಸರು ಕೊಡಿರಿ. ಮೇಲಿನ ತರಗತಿಗಳ ಹುಡುಗರನ್ನೂ ಹುಡುಗಿಯರನ್ನೂ ಕರೆತನ್ನಿರಿ. ಬುತ್ತಿಯ ಜೊತೆಗೆ ಒಂದು ನೋಟುಬುಕ್ಕು, ಒಂದು ಅಳತೆಯ ಪಟ್ಟಿ, ಮನೆಯ ಸಣ್ಣ ಕನ್ನಡಿ ಇಷ್ಟಿರಲಿ. ಸೀಮೆಸುಣ್ಣವನ್ನು ಮಾತ್ರ ಶಾಲೆಯಲ್ಲಿಯೇ ಬಿಟ್ಟು ಬನ್ನಿರಿ.